ಗಾಳಿ ಪೆಟ್ರೋಲುಗಳ ಹದ

ಮೋಟಾರ್ ಸೈಕಲಿನ ಅಂಗಗಳಲ್ಲಿ ಜನರು ಹೆಚ್ಚಾಗಿ ದೂರುವುದೂ ಕಡಿಮೆಯಾಗಿ ಅರಿತಿರುವುದೂ ಕಾರ್ಬುರೇಟರನ್ನೇ ಎಂದರೆ ತಪ್ಪಾಗಲಾರದು. ಬೆಳಗ್ಗೆ ಬಂಡಿ ಹೊರಡದಿದ್ದರೆ ತಪ್ಪು ಅದರದು. ಪೆಟ್ರೋಲು ಬೇಗ ಮುಗಿದರೆ ತಪ್ಪು ಅದರದು. ನೆರೆಯವನ ಬಂಡಿ ನಮ್ಮದನ್ನು ಹಿಂದೆ ಹಾಕಿದರೂ ತಪ್ಪು ಅದರದೇ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದಾದ ಈ ಲೋಹದ ಪಾತ್ರೆಯು ಒಂದು ಶತಮಾನಕ್ಕೂ ಮಿಕ್ಕು ಕಾಲ ಬಂಡಿಯ ಹೃದಯದ ಬಾಗಿಲಲ್ಲಿ ಕುಳಿತು, ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು ಎಂಬ ಲೆಕ್ಕವನ್ನು ನೋಡಿಕೊಂಡಿತು. ನಮ್ಮ ದೇಶದ ಹೊಸ ಬಂಡಿಗಳಲ್ಲಿ ಅದು ಈಗ ಬಹುಮಟ್ಟಿಗೆ ಕಾಣದಾಗಿದೆ. ಅದರ ಚರಿತ್ರೆಯನ್ನೂ, ಅದನ್ನು ಹದಗೊಳಿಸುವ ವಿದ್ಯೆ ಯಾರ ಕೈಯಿಂದ ಯಾರ ಕೈಗೆ ಸಾಗಿತೆಂಬುದನ್ನೂ ಸಂಗ್ರಹವಾಗಿ ಹೇಳುವುದು ಈ ಲೇಖನದ ಉದ್ದೇಶವಾಗಿದೆ.

ಮೊದಲು ತತ್ತ್ವವನ್ನು ತಿಳಿಯೋಣ. ಪೆಟ್ರೋಲು ದ್ರವವಾಗಿರುವಾಗ ಎಂಜಿನಿಗೆ ಉಪಯೋಗಕ್ಕೆ ಬಾರದು. ಅದು ಸಣ್ಣ ಹನಿಗಳಾಗಿ ಒಡೆದು, ಆವಿಯಾಗಿ, ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಾಗ ಮಾತ್ರ ಕಿಡಿ ತಾಗಿದೊಡನೆ ಉರಿದು ಪಿಸ್ಟನ್ನನ್ನು ತಳ್ಳುವುದು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೪.೭ ಪಾಲು ಗಾಳಿ ಬೇಕು. ಅಳತೆಯಲ್ಲಿ ಹೇಳುವುದಾದರೆ ಒಂದು ಲೀಟರು ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ೯,೦೦೦ ಲೀಟರು ಗಾಳಿ ಬೇಕಾಗುತ್ತದೆ. ಪೆಟ್ರೋಲು ಇದಕ್ಕಿಂತ ಹೆಚ್ಚಾದರೆ ಮಿಶ್ರಣವು ಗಾಢವಾಗಿ, ಕರಿಹೊಗೆ ಬಂದು, ಸ್ಪಾರ್ಕ್ ಪ್ಲಗ್ಗಿನ ಮೇಲೆ ಮಸಿ ಕಟ್ಟುವುದು. ಕಡಿಮೆಯಾದರೆ ಮಿಶ್ರಣವು ತೆಳುವಾಗಿ, ಎಂಜಿನು ಅತಿಯಾಗಿ ಕಾಯುವುದು. ಈ ಎರಡು ದೋಷಗಳ ನಡುವಣ ಇಕ್ಕಟ್ಟಾದ ದಾರಿಯೇ ಹದ.

ಮೋಟಾರ್ ಸೈಕಲಿನ ಮೊದಲ ದಿನಗಳಲ್ಲಿ ಈ ಹದವನ್ನು ನಿಶ್ಚಯಿಸುವ ಸಾಧನವು ಬಹಳ ಒರಟಾಗಿತ್ತು. ಜರ್ಮನಿಯ ಕಾನ್‌ಸ್ಟಾಟ್ ಎಂಬಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೈಬಾಖ್ ಎಂಬುವರು ೧೮೮೫ರಲ್ಲಿ ಮರದ ಚೌಕಟ್ಟಿನ ದ್ವಿಚಕ್ರಿಕೆಯೊಂದಕ್ಕೆ ಪೆಟ್ರೋಲ್ ಎಂಜಿನನ್ನು ಕೂಡಿಸಿದರು. ಅದರ ಸಾಮರ್ಥ್ಯ ಅರ್ಧ ಅಶ್ವಶಕ್ತಿ ಮಾತ್ರ. ಅದರಲ್ಲಿದ್ದ ಕಾರ್ಬುರೇಟರು ಪೆಟ್ರೋಲಿನ ಪಾತ್ರೆಯೊಳಗಿಂದ ಗಾಳಿಯನ್ನು ಹಾಯಿಸಿ, ಅದು ತನ್ನೊಡನೆ ಆವಿಯನ್ನು ಹೊತ್ತುಕೊಂಡು ಹೋಗುವಂತೆ ಮಾಡುವ ಬಗೆಯದು. ಈ ಬಗೆಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಪೆಟ್ರೋಲಿನಲ್ಲಿರುವ ಹಗುರವಾದ ಅಂಶಗಳು ಮೊದಲೇ ಆವಿಯಾಗಿ ಹೋಗಿ, ಭಾರವಾದ ಅಂಶಗಳು ತಳದಲ್ಲಿ ಉಳಿಯುತ್ತಿದ್ದುವು. ಚಳಿ ಬಿಸಿಲುಗಳಿಗೂ ರಸ್ತೆಯ ಕುಲುಕಾಟಕ್ಕೂ ತಕ್ಕಂತೆ ಮಿಶ್ರಣವು ಬದಲಾಗುತ್ತಿತ್ತು. ಬೆಳಗಿನ ಹದ ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ.

ಪರಿಹಾರದ ಬೀಜವು ಹಳೆಯ ಭೌತಶಾಸ್ತ್ರದಲ್ಲಿಯೇ ಇತ್ತು. ದ್ರವದ ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆಯಾಗುವುದೆಂಬ ಸಂಬಂಧವನ್ನು ದಾನಿಯೇಲ್ ಬರ್ನೌಲಿಯು ೧೭೩೮ರ ಗ್ರಂಥದಲ್ಲಿ ವಿವರಿಸಿದ್ದನು. ನಡುವೆ ಕಿರಿದಾದ ಕೊಳವೆಯಲ್ಲಿ ಹರಿಯುವ ದ್ರವದ ವರ್ತನೆಯನ್ನು ಇಟಲಿಯ ವೆಂಚುರಿಯು ೧೭೯೭ರಲ್ಲಿ ಪ್ರಕಟಿಸಿದನು. ಗಾಳಿಯೂ ಇದೇ ನಿಯಮಕ್ಕೆ ಒಳಪಟ್ಟುದು. ಕಿರಿದಾದ ಗಂಟಲಿನಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ತಗ್ಗುತ್ತದೆ. ಆ ಸ್ಥಳದಲ್ಲಿ ಪೆಟ್ರೋಲಿನ ಸಣ್ಣ ರಂಧ್ರವೊಂದನ್ನು ತೆರೆದಿಟ್ಟರೆ, ಪೆಟ್ರೋಲು ತಾನಾಗಿ ಮೇಲೆದ್ದು ತುಂತುರಾಗಿ ಸಿಡಿಯುವುದು. ಈ ರಂಧ್ರಕ್ಕೆ ಜೆಟ್ ಎಂದು ಹೆಸರು. ಬುಡಾಪೆಸ್ಟಿನ ದೊನಾಟ್ ಬಾಂಕಿ ಮತ್ತು ಯಾನೋಶ್ ಚೊಂಕ ಎಂಬ ಹಂಗೇರಿಯನ್ನರು ಇಂತಹ ಯಂತ್ರಕ್ಕೆ ೧೮೯೩ರ ಫೆಬ್ರವರಿಯಲ್ಲಿ ಹಕ್ಕುಪತ್ರವನ್ನು ಬೇಡಿದರು. ಅದೇ ವರ್ಷದ ಆಗಸ್ಟಿನಲ್ಲಿ ಮೈಬಾಖನೂ ಬೇಡಿದನು. ಹೂ ಮಾರುವ ಹುಡುಗಿಯೊಬ್ಬಳು ಕೊಳವೆಯನ್ನು ಊದಿ ಹೂಗಳ ಮೇಲೆ ನೀರನ್ನು ಚಿಮುಕಿಸುತ್ತಿದ್ದುದನ್ನು ಕಂಡು ಹಂಗೇರಿಯನ್ನರಿಗೆ ಈ ಯೋಚನೆ ಹೊಳೆಯಿತೆಂದು ಐತಿಹ್ಯವುಂಟು. ಐತಿಹ್ಯವನ್ನು ಚರಿತ್ರೆಯೆಂದು ಹಿಡಿಯಬೇಕಾಗಿಲ್ಲ. ಆದರೆ ತತ್ತ್ವವನ್ನು ಮಕ್ಕಳಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು.

ಆದರೂ ತೊಂದರೆ ಪೂರ್ತಿಯಾಗಿ ತೀರಲಿಲ್ಲ. ಎಂಜಿನಿನ ವೇಗ ಹೆಚ್ಚಿದಂತೆಲ್ಲ ಒಂದೇ ಜೆಟ್ಟಿನಿಂದ ಪೆಟ್ರೋಲು ಗಾಳಿಯ ಪ್ರಮಾಣವನ್ನು ಮೀರಿ ಬರತೊಡಗುವುದು. ಹಾಗಾಗಿ ಇಪ್ಪತ್ತನೆಯ ಶತಮಾನದ ಆದಿಭಾಗದ ಮೋಟಾರ್ ಸೈಕಲುಗಳ ಹಿಡಿಯಲ್ಲಿ ಎರಡು ಸನ್ನೆಗಳಿದ್ದುವು: ಒಂದು ಮಿಶ್ರಣಕ್ಕೆ, ಇನ್ನೊಂದು ಗಾಳಿಗೆ. ಏರು ಬಂದರೆ ಒಂದನ್ನು ಎಳೆದು, ಇಳಿಜಾರು ಬಂದರೆ ಇನ್ನೊಂದನ್ನು ಸಡಿಲಿಸಿ, ಸವಾರನು ದಾರಿಯುದ್ದಕ್ಕೂ ಎಂಜಿನಿನ ಸದ್ದಿಗೆ ಕಿವಿಗೊಟ್ಟೇ ಹೋಗಬೇಕಾಗಿತ್ತು. ಹದವನ್ನು ಕಾಯುವವನು ಆಗ ಸವಾರನೇ. ಕಿವಿ ಮಂದವಾದವನಿಗೆ ಮೋಟಾರ್ ಸೈಕಲು ಸಲ್ಲದ ವಾಹನವಾಗಿತ್ತು.

ಈ ಭಾರವನ್ನು ಲೋಹಕ್ಕೆ ವರ್ಗಾಯಿಸಿದವರಲ್ಲಿ ಇಂಗ್ಲೆಂಡಿನ ಅಮಾಲ್ ಸಂಸ್ಥೆಯು ಮುಖ್ಯವಾದುದು. ಮೂರು ಕಾರ್ಬುರೇಟರ್ ತಯಾರಕರು ೧೯೨೭ರಲ್ಲಿ ಒಂದುಗೂಡಿ ಅದನ್ನು ಸ್ಥಾಪಿಸಿದರು. ಅವರ ಪದ್ಧತಿಯಲ್ಲಿ ಗಂಟಲನ್ನು ತೆರೆದು ಮುಚ್ಚುವ ಸ್ಲೈಡಿನ ಕೆಳಗೆ ಮೊನೆಯ ಕಡೆಗೆ ಸಣ್ಣದಾಗುತ್ತ ಬರುವ ಸೂಜಿಯೊಂದು ನೇತಾಡುವುದು. ಸ್ಲೈಡ್ ಮೇಲೇರಿದಂತೆ ಸೂಜಿಯೂ ಏರಿ, ಪೆಟ್ರೋಲಿನ ದಾರಿಯನ್ನು ಕ್ರಮವಾಗಿ ಅಗಲಿಸುವುದು. ಸವಾರನು ಕೈಯಿಂದ ಮಾಡುತ್ತಿದ್ದ ಲೆಕ್ಕದ ಬಹುಭಾಗವನ್ನು ಈ ಸೂಜಿ ಮಾಡಿಕೊಡುವುದು. ಜಪಾನಿನ ಮಿಕುನಿ ಸಂಸ್ಥೆಯು ಅಮಾಲಿನ ಪರವಾನಗಿಯನ್ನು ಪಡೆದು ಇದೇ ಪದ್ಧತಿಯನ್ನು ಬೆಳೆಸಿದುದರಿಂದ, ನಮ್ಮ ರಸ್ತೆಗಳ ಸಣ್ಣ ಬಂಡಿಗಳ ವಂಶಾವಳಿಯೂ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಇಂತಹ ಕಾರ್ಬುರೇಟರಿನ ಆಡಳಿತವು ನಾಲ್ಕು ಅಧಿಕಾರಿಗಳಲ್ಲಿ ಹಂಚಿಹೋಗಿದೆಯೆನ್ನಬಹುದು. ಬಂಡಿ ನಿಂತಲ್ಲಿ ಗುನುಗುವಾಗ ಪೈಲಟ್ ಜೆಟ್ಟೂ ಅದರ ಗಾಳಿಯ ಸ್ಕ್ರೂವೂ ಕೆಲಸ ಮಾಡುವುವು. ಸ್ಲೈಡ್ ಸ್ವಲ್ಪ ತೆರೆದಾಗ ಅದರ ಅಡಿಯ ಓರೆಯಾದ ಕಡಿತವು ಮುಖ್ಯವಾಗುವುದು. ಕಾಲುಭಾಗದಿಂದ ಮುಕ್ಕಾಲು ಭಾಗದವರೆಗೆ ಸೂಜಿಯ ರಾಜ್ಯ. ಅದರ ಮೇಲೆ ಮೇನ್ ಜೆಟ್ಟಿನದೇ ಅಧಿಕಾರ. ಆದಕಾರಣ ದೋಷವು ಯಾವ ಹಂತದಲ್ಲಿ ತೋರುವುದೆಂಬುದನ್ನು ಗಮನಿಸಿ ಆಯಾ ಅಂಗವನ್ನು ಮಾತ್ರ ಮುಟ್ಟತಕ್ಕದ್ದು. ಬಲ್ಲ ಮೇಸ್ತ್ರಿಯು ಮೊದಲು ಎಂಜಿನನ್ನು ಕಾಯಿಸುವನು. ಗಾಳಿಯ ಸ್ಕ್ರೂವನ್ನು ಮೃದುವಾಗಿ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಸುಮಾರು ಒಂದೂವರೆ ಸುತ್ತು ಹೊರಗೆ ತರುವನು. ಎಂಜಿನು ಹೆಚ್ಚು ಸರಾಗವಾಗಿ ಓಡುವ ಸ್ಥಾನವನ್ನು ಕಿವಿಯಿಂದ ಹುಡುಕುವನು. ಕೊನೆಗೆ ಬಂಡಿಯನ್ನು ಓಡಿಸಿ ಬಂದು ಪ್ಲಗ್ಗನ್ನು ಬಿಚ್ಚಿ ನೋಡುವನು. ಮಸಿಯಾದರೆ ಗಾಢ, ಬಿಳುಪಾದರೆ ತೆಳು, ಬಿಸ್ಕತ್ತಿನ ಕಂದು ಬಣ್ಣವಾದರೆ ಹದ. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಕಣ್ಣು ಮತ್ತು ತಾಳ್ಮೆ ಇದ್ದರೆ ಸಾಕು.

ಈ ವಿದ್ಯೆಗೂ ನಮ್ಮ ನಾಡಿಗೂ ನಿಕಟ ಸಂಬಂಧವುಂಟು. ಚೆಕೊಸ್ಲೊವಾಕಿಯದ ಜಾವಾ ಮೋಟಾರ್ ಸೈಕಲುಗಳನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ತಯಾರಿಸತೊಡಗಿತು. ಮುಂದೆ ಯೆಜ್ಡಿ ಎಂಬ ಹೆಸರಿನಿಂದ ಅವು ದೇಶಕ್ಕೆಲ್ಲ ಪರಿಚಿತವಾದುವು. ಕಾರ್ಖಾನೆಯು ೧೯೯೬ರಲ್ಲಿ ಮುಚ್ಚಿತಾದರೂ ಆ ಬಂಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಇಂದಿಗೂ ಇದ್ದಾರೆ. ಜಾವಾ ಎರಡು ಸ್ಟ್ರೋಕಿನ ಬಂಡಿ. ಅದರ ಎಂಜಿನಿಗೆ ಬೇಕಾದ ಜಿಡ್ಡೆಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಹಾಕಬೇಕು. ಇದರ ಫಲವನ್ನು ವಾಚಕರು ಯೋಚಿಸಬೇಕು: ಕಾರ್ಬುರೇಟರಿನಿಂದ ಪೆಟ್ರೋಲು ಕಡಿಮೆ ಬಂದರೆ ಅದರೊಡನೆ ಜಿಡ್ಡೂ ಕಡಿಮೆಯಾಯಿತು. ಮಿಶ್ರಣ ತೆಳುವಾದುದರಿಂದ ಶಾಖ ಹೆಚ್ಚಾಗುವ ಹೊತ್ತಿಗೇ ರಕ್ಷಣೆಯೂ ಕುಗ್ಗುವುದು. ಆಗ ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಂಡು, ಓಡುತ್ತಿರುವ ಬಂಡಿಯ ಹಿಂದಿನ ಚಕ್ರ ಥಟ್ಟನೆ ಬಿಗಿಯಬಹುದು. ನಾಲ್ಕು ಕಾಸಿನ ಪೆಟ್ರೋಲನ್ನು ಉಳಿಸಲು ಹದವನ್ನು ತೆಳುಮಾಡಿಸಿಕೊಳ್ಳುವವನು ತನ್ನ ಕೈಕಾಲುಗಳನ್ನೇ ಪಣವಾಗಿ ಇಟ್ಟಂತೆ ಆಗುವುದು.

ಇದಕ್ಕೆ ವಿರುದ್ಧವಾದ ಭ್ರಮೆಯೂ ಒಂದುಂಟು. ದೊಡ್ಡ ಕಾರ್ಬುರೇಟರನ್ನು ಹಾಕಿದರೆ ಸಣ್ಣ ಬಂಡಿಗೆ ದೊಡ್ಡ ಬಲ ಬರುವುದೆಂದು ತರುಣರು ನಂಬುತ್ತಾರೆ. ವೆಂಚುರಿಯ ಪಾಠವನ್ನು ನೆನೆದರೆ ಇದರ ಮಿತಿ ತಿಳಿಯುವುದು. ೧೮ ಮಿಲಿಮೀಟರಿನ ಗಂಟಲನ್ನು ತೆಗೆದು ೨೪ ಮಿಲಿಮೀಟರಿನದನ್ನು ಕೂಡಿಸಿದರೆ ದಾರಿಯ ವಿಸ್ತಾರವು ಒಂದೂಮುಕ್ಕಾಲು ಪಟ್ಟಿಗಿಂತ ತುಸು ಹೆಚ್ಚಾಗುವುದು. ಎಂಜಿನು ಎಳೆಯುವ ಗಾಳಿ ಅಷ್ಟೇ ಇರುವಾಗ ಅದರ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದು. ವೇಗ ಇಳಿದರೆ ಸೆಳೆತವೂ ಇಳಿಯಿತು. ಪೆಟ್ರೋಲು ತುಂತುರಾಗದೆ ಹನಿಯಾಗಿ ಬೀಳುವುದು. ವಾಲ್ವು, ಸೈಲೆನ್ಸರು, ಏರ್ ಫಿಲ್ಟರುಗಳನ್ನೂ ತಕ್ಕಂತೆ ಮಾರ್ಪಡಿಸಿ ಎಂಜಿನನ್ನು ಅತಿವೇಗದಲ್ಲಿ ಓಡಿಸುವ ಪಂದ್ಯದವರಿಗೆ ದೊಡ್ಡ ಗಂಟಲಿನಿಂದ ಲಾಭವಿರಬಹುದು. ಪೇಟೆಯಲ್ಲಿ ಓಡಾಡುವವನಿಗೆ ದೊರೆಯುವುದು ಮುಗ್ಗರಿಸುವ ಬಂಡಿಯೂ ಬರಿದಾದ ಟ್ಯಾಂಕೂ ಅಷ್ಟೇ.

ಜೆಟ್ಟನ್ನು ತಂತಿಯಿಂದ ತಿವಿದು ಚೊಕ್ಕಟ ಮಾಡುವುದೂ ಇಂತಹುದೇ ಅವಿವೇಕ. ಜಪಾನಿನ ಕೇಹಿನ್ ಜೆಟ್ಟುಗಳ ಮೇಲಿನ ಅಂಕಿಯು ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೆಯ ಭಾಗಗಳಲ್ಲಿ ತಿಳಿಸುವುದು. ೧೦೦ ಎಂದರೆ ಒಂದು ಮಿಲಿಮೀಟರು. ತಂತಿಯು ಅದನ್ನು ೧೦೫ಕ್ಕೆ ಸವೆಯಿಸಿದರೆ ರಂಧ್ರದ ವಿಸ್ತಾರವು ನೂರಕ್ಕೆ ಹತ್ತರಷ್ಟು ಹೆಚ್ಚುವುದು. ಕಣ್ಣಿಗೆ ಕಾಣದ ಗೀರು ಪೆಟ್ರೋಲಿನ ಲೆಕ್ಕದಲ್ಲಿ ತಿಂಗಳು ತಿಂಗಳೂ ಕಾಣಿಸಿಕೊಳ್ಳುವುದು.

ಮೇಲಾಗಿ, ಹದವು ಊರಿಗೂ ಸೇರಿದುದು. ಮಂಗಳೂರಿನ ಕಡಲ ತೀರದಲ್ಲಿ ಸರಿಮಾಡಿದ ಬಂಡಿಯು ಘಟ್ಟವನ್ನೇರಿ ಮಡಿಕೇರಿಯನ್ನು ಸೇರುವ ವೇಳೆಗೆ ಗಾಳಿಯ ಸಾಂದ್ರತೆ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿರುವುದು. ಉದಕಮಂಡಲದ ಎತ್ತರದಲ್ಲಿ ಸುಮಾರು ಐದರಲ್ಲಿ ಒಂದು ಪಾಲು. ಜೆಟ್ಟಿನ ರಂಧ್ರಕ್ಕೆ ಬೆಟ್ಟವೂ ತಿಳಿಯದು, ಬಯಲೂ ತಿಳಿಯದು. ಗಾಳಿ ತೆಳುವಾದ ಮಟ್ಟಿಗೆ ಅದು ಪೆಟ್ರೋಲನ್ನು ಕಡಿಮೆಮಾಡದು. ಬೆಟ್ಟದ ಮೇಲೆ ಬಂಡಿ ಉಸಿರುಗಟ್ಟಿದಂತೆ ಓಡುವುದಕ್ಕೆ ಇದೂ ಒಂದು ಕಾರಣ.

ಕಾರ್ಬುರೇಟರು ಹಿಂದೆ ಸರಿಯಬೇಕಾಗಿ ಬಂದುದೂ ಈ ಅರಿವಿಲ್ಲದಿಕೆಯಿಂದಲೇ. ಹೀರೋ ಹೋಂಡಾ ಸಿ.ಡಿ. ೧೦೦ ಮೊದಲಾದ ನಾಲ್ಕು ಸ್ಟ್ರೋಕಿನ ಸಣ್ಣ ಬಂಡಿಗಳು ೧೯೮೫ರಿಂದ ಮಿತವ್ಯಯವನ್ನು ಮನೆಮನೆಗೆ ತಂದುವು. ಆದರೆ ಬಂಡಿಗಳ ಸಂಖ್ಯೆ ಬೆಳೆದಂತೆ ನಗರಗಳ ಗಾಳಿ ಕೆಟ್ಟಿತು. ಹೊಗೆಯ ನಿಯಮಗಳು ಹಂತಹಂತವಾಗಿ ಬಿಗಿಯಾದುವು. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ಆರನೆಯ ನಿಯಮಾವಳಿಯು ಜಾರಿಗೆ ಬಂದಾಗ ಹೊಸ ದ್ವಿಚಕ್ರಗಳಲ್ಲಿ ಬಹುಪಾಲು ಇಂಧನವನ್ನು ಚಿಮ್ಮಿಸುವ ವಿದ್ಯುದ್ಯಂತ್ರಗಳನ್ನು ಸ್ವೀಕರಿಸಿದುವು. ಸೈಲೆನ್ಸರಿನ ದಾರಿಯಲ್ಲಿ ಉಳಿದ ಆಮ್ಲಜನಕವನ್ನು ಒಂದು ಸಾಧನವು ಗ್ರಹಿಸಿ ತಿಳಿಸಿದರೆ, ಪುಟ್ಟ ಗಣಕವು ಕ್ಷಣಕ್ಷಣಕ್ಕೂ ಪೆಟ್ರೋಲನ್ನು ತಿದ್ದುವುದು. ಬೆಟ್ಟ ಬಂದರೂ ಚಳಿ ಬಂದರೂ ಅದು ಮೇಸ್ತ್ರಿಯನ್ನು ಕೇಳದು.

ಇದು ನಷ್ಟವೇ ಲಾಭವೇ? ನಗರದ ಮಕ್ಕಳ ಶ್ವಾಸಕೋಶಗಳನ್ನು ನೆನೆದರೆ ಲಾಭವೆಂದೇ ಹೇಳಬೇಕು. ಸವಾರನ ಕೈಯಿಂದ ಸೂಜಿಗೆ, ಸೂಜಿಯಿಂದ ಗಣಕಕ್ಕೆ ಹದದ ಅಧಿಕಾರ ಸಾಗಿದುದು ನ್ಯಾಯವಾದ ಕ್ರಮವೇ. ಆದರೂ ಹಳೆಯ ಬಂಡಿಗಳು ಇನ್ನೂ ಲಕ್ಷಗಟ್ಟಲೆ ಓಡುತ್ತಿವೆ. ಈ ನಡುವೆ ನಮ್ಮ ಪೆಟ್ರೋಲಿಗೆ ಎಥನಾಲನ್ನು ಬೆರೆಸುವ ಪ್ರಮಾಣವು ೨೦೨೫ರಲ್ಲಿ ನೂರಕ್ಕೆ ಇಪ್ಪತ್ತನ್ನು ಮುಟ್ಟಿತು. ಎಥನಾಲು ತನ್ನಲ್ಲಿಯೇ ಆಮ್ಲಜನಕವನ್ನು ಹೊಂದಿರುವುದರಿಂದ, ಹಿಂದಿನ ಜೆಟ್ಟೇ ಇದ್ದರೂ ಮಿಶ್ರಣವು ತೆಳುವಾಗುವುದು. ಗಣಕವಿರುವ ಬಂಡಿಯು ಇದನ್ನು ತಾನೇ ಬಹುಮಟ್ಟಿಗೆ ತಿದ್ದಿಕೊಳ್ಳಬಲ್ಲುದು. ಕಾರ್ಬುರೇಟರಿನ ಬಂಡಿಗೆ ಬಲ್ಲವನ ಕಿವಿಯೇ ಬೇಕು. ಆ ಕಿವಿಗಳು ಬೀದಿಯ ಮೂಲೆಯ ಗ್ಯಾರೇಜುಗಳಲ್ಲಿ, ಪುಸ್ತಕವಿಲ್ಲದೆ, ಗುರುವಿನಿಂದ ಶಿಷ್ಯನಿಗೆ ಸಾಗಿಬಂದವು. ಅವರ ಅನುಭವವನ್ನು ಕೇಳಿ ಬರೆದಿಡುವ ಕೆಲಸ ನಮ್ಮಲ್ಲಿ ಇನ್ನೂ ಆಗಬೇಕಾಗಿದೆ. ಮನೆಯ ಮೂಲೆಯಲ್ಲಿ ಹಳೆಯ ಬಂಡಿಯೊಂದು ನಿಂತಿರುವ ವಾಚಕರು ಅದನ್ನು ಗುಜರಿಗೆ ಕೊಡುವ ಮುನ್ನ ಒಮ್ಮೆ ಅಂತಹ ಮೇಸ್ತ್ರಿಯ ಬಳಿಗೆ ಒಯ್ದು, ಅವನು ಸ್ಕ್ರೂವನ್ನು ತಿರುಗಿಸುವಾಗ ಎಂಜಿನಿನ ಸದ್ದು ಬದಲಾಗುವುದನ್ನು ತಾವೂ ನಿಂತು ಕೇಳಲಿ.