ಕಟಕಟೆಯಲ್ಲಿ ಗಟ್ಟಿಯಾದ ತತ್ವ

1907ರ ಆಗಸ್ಟ್ ತಿಂಗಳು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಪಟ್ಟಣದ ನ್ಯಾಯಾಲಯದಲ್ಲಿ ಜಪಾನ್ ಮೂಲದ ಶೆಗತಾರೊ ಮೊರಿಕುಬೊ ಆರೋಪಿಯಾಗಿ ನಿಂತಿದ್ದರು. ಪರವಾನಗಿಯಿಲ್ಲದೆ ಆಸ್ಟಿಯೋಪತಿ ಚಿಕಿತ್ಸೆ ನೀಡಿದರೆಂಬುದು ಆಪಾದನೆ. ತಾವು ಮಾಡುವುದು ಆಸ್ಟಿಯೋಪತಿ ಅಲ್ಲ, ಕೈರೊಪ್ರಾಕ್ಟಿಕ್ ಎಂಬುದು ಅವರ ವಾದ. ಎರಡರಲ್ಲೂ ಚಿಕಿತ್ಸಕ ಬರಿಗೈಯಿಂದಲೇ ಬೆನ್ನೆಲುಬನ್ನು ಒತ್ತಿ ಸರಿಪಡಿಸುತ್ತಾನೆ. ಹಾಗಾದರೆ ವ್ಯತ್ಯಾಸವೇನು?

ಉತ್ತರಕ್ಕೆ ಹನ್ನೆರಡು ವರ್ಷ ಹಿಂದೆ ಹೋಗಬೇಕು. 1895ರಲ್ಲಿ ಅಯೋವಾ ರಾಜ್ಯದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಎಂಬ ಅಯಸ್ಕಾಂತ ಚಿಕಿತ್ಸಕ, ಹಾರ್ವಿ ಲಿಲಾರ್ಡ್ ಎಂಬ ಕೆಲಸಗಾರನ ಬೆನ್ನಿನ ಮಣಿಯೊಂದನ್ನು ಸರಿಪಡಿಸಿ, ಆತನ ಕಿವುಡುತನ ವಾಸಿಯಾಯಿತೆಂದು ಸಾರಿದರು. ಕಿವಿಯ ನರ ಬೆನ್ನೆಲುಬಿನ ಮೂಲಕ ಹಾಯುವುದೇ ಇಲ್ಲವೆಂಬ ಆಕ್ಷೇಪಕ್ಕೆ ಪಾಮರ್ ಸೊಪ್ಪುಹಾಕಲಿಲ್ಲ. ದೇಹವನ್ನು ನಡೆಸುವ, ಹುಟ್ಟಿನಿಂದಲೇ ಬಂದ ಅರಿವೊಂದಿದೆ. ಜಾರಿದ ಮಣಿ ನರವನ್ನು ಒತ್ತಿದರೆ ಅದರ ಹರಿವಿಗೆ ಅಡ್ಡಿಯಾಗಿ ರೋಗ ಬರುತ್ತದೆ ಎಂಬ ಸಿದ್ಧಾಂತ ಕಟ್ಟಿದರು. ಪರವಾನಗಿಯಿಲ್ಲದ ವೈದ್ಯಕ್ಕಾಗಿ 1906ರಲ್ಲಿ ಅವರೂ ಜೈಲು ಕಂಡರು.

ಲಾ ಕ್ರಾಸ್‌ನಲ್ಲಿ ವಕೀಲ ಟಾಮ್ ಮಾರಿಸ್ ಹಿಡಿದದ್ದು ಈ ಎಳೆಯನ್ನೇ. ಕೈರೊಪ್ರಾಕ್ಟಿಕ್‌ಗೆ ತನ್ನದೇ ತತ್ವ, ವಿಜ್ಞಾನ, ಕಲೆ ಇರುವುದರಿಂದ ಅದು ಬೇರೆಯೇ ವೃತ್ತಿ ಎಂದು ಅವರು ವಾದಿಸಿದರು. ಆಧಾರವಾಗಿ ತೋರಿಸಿದ ಗ್ರಂಥ ಪಾಮರ್ ಅವರದಲ್ಲ. ಅವರ ಶಿಷ್ಯನಾಗಿದ್ದು ಮುಂದೆ ಪ್ರತಿಸ್ಪರ್ಧಿಯಾದ ಲ್ಯಾಂಗ್‌ವರ್ದಿ ಮತ್ತು ಸಂಗಡಿಗರದು! ಮೊರಿಕುಬೊ ನಿರ್ದೋಷಿ ಎಂದು ತೀರ್ಪಾಯಿತು.

ಅಂದಿನಿಂದ ತತ್ವವೇ ವೃತ್ತಿಯ ಗುರಾಣಿಯಾಯಿತು. ಪಾಮರ್ ಅವರ ಮಗ ಬಿ.ಜೆ. ಪಾಮರ್ ಅದನ್ನು ಇನ್ನಷ್ಟು ಬೆಳೆಸಿದರು. ‘ಕೈರೊಪ್ರಾಕ್ಟಿಕ್ ತತ್ವಜ್ಞಾನಿ’ ಎಂಬ ಪದವಿಯನ್ನೂ ಅವರ ಶಾಲೆ ಕೊಡತೊಡಗಿತು. 1913ರಲ್ಲಿ ಕಾನ್ಸಾಸ್ ರಾಜ್ಯ ಪರವಾನಗಿ ಕಾನೂನು ಮಾಡಿತು. ಕಡೆಯದಾದ ಲೂಸಿಯಾನಾ ಒಪ್ಪಿದ್ದು 1974ರಲ್ಲಿ.

ಆದರೆ ಕಾನೂನಿನ ಕಟಕಟೆ ಬೇರೆ, ವಿಜ್ಞಾನದ ಒರೆಗಲ್ಲು ಬೇರೆ. ಮೂಲತತ್ವಕ್ಕೆ ಅಂಟಿಕೊಂಡವರು ‘ಸ್ಟ್ರೇಟ್’ಗಳೆಂದೂ, ಇತರ ಚಿಕಿತ್ಸೆಗಳನ್ನು ಬೆರೆಸಿದವರು ‘ಮಿಕ್ಸರ್’ಗಳೆಂದೂ ವೃತ್ತಿ ಒಳಗೇ ಒಡೆಯಿತು. ಸೊಂಟನೋವಿಗೆ ಈ ಚಿಕಿತ್ಸೆಯಿಂದ ತಕ್ಕಮಟ್ಟಿನ ಉಪಶಮನ ಸಿಗಬಹುದೆಂದು ಸಂಶೋಧನೆಗಳು ತೋರಿಸಿವೆ. ಮಣಿ ಜಾರುವುದೇ ರೋಗಕ್ಕೆ ಮೂಲವೆಂಬ ಮಾತಿಗೆ ಮಾತ್ರ ಪುರಾವೆ ದೊರೆತಿಲ್ಲ. 2010ರಲ್ಲಿ ಬ್ರಿಟನ್ನಿನ ಕೈರೊಪ್ರಾಕ್ಟಿಕ್ ನಿಯಂತ್ರಣ ಮಂಡಳಿಯೇ ಅದನ್ನು ಐತಿಹಾಸಿಕ ಕಲ್ಪನೆ ಎಂದಿತು.

ತತ್ವವನ್ನು ಬಿಟ್ಟರೆ ವೃತ್ತಿಯ ಪ್ರತ್ಯೇಕತೆಗೆ ಕುತ್ತು. ಹಿಡಿದುಕೊಂಡರೆ ವಿಜ್ಞಾನದೊಂದಿಗೆ ಜಗಳ. ಜೈಲಿನಿಂದ ಕಾಪಾಡಿದ ಗುರಾಣಿಯೇ ಹೀಗೆ ಹೊರಲಾರದ ಹೊರೆಯೂ ಆಗಿದೆ.