ರೋಹಿಣಿಯ ಪಕ್ಕದ ಧೂಳು

ಶಿರಸಿ ಸೀಮೆಯ ಸೋಂದೆಯಲ್ಲಿ ಅರಸೊತ್ತಿಗೆ ಇನ್ನೂ ನಿಂತಿದ್ದ ಕಾಲ. ಹೈದರಾಲಿಯ ದಂಡು ಘಟ್ಟದ ಸೀಮೆಗೆ ನುಗ್ಗಲು ಕೆಲವೇ ವರ್ಷಗಳಿದ್ದವು. ಅದೇ 1755ರಲ್ಲಿ ಪ್ರಷ್ಯದ ಕೋನಿಗ್ಸ್‌ಬರ್ಗ್ ಪಟ್ಟಣದ ಇಮ್ಯಾನುಯೆಲ್ ಕಾಂಟ್ ಹೆಸರು ಹಾಕಿಕೊಳ್ಳದೆ ಒಂದು ಗ್ರಂಥ ಪ್ರಕಟಿಸಿದ. ಎಳೆಯ ಸೂರ್ಯನ ಸುತ್ತ ಚದುರಿದ್ದ ದ್ರವ್ಯವೇ ಕ್ರಮೇಣ ಒಂದೇ ದಿಕ್ಕಿಗೆ ಸುತ್ತುತ್ತ ತಟ್ಟೆಯಂತೆ ಚಪ್ಪಟೆಯಾಗಿ, ಅಲ್ಲಲ್ಲಿ ಗಟ್ಟಿಗೊಂಡು ಗ್ರಹಗಳಾಯಿತೆಂಬುದು ಅವನ ವಾದ. 1796ರಲ್ಲಿ ಫ್ರಾನ್ಸಿನ ಲಾಪ್ಲಾಸನೂ ಹತ್ತಿರದ ಮಾತನ್ನೇ ಆಡಿದ. ವಾದವೇನೋ ಸೊಗಸಾಗಿತ್ತು, ಅಂಥ ತಟ್ಟೆಯನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಸೋಂದೆಯ ಅರಸರು ಅಳಿದರು, ನೆರೆಯ ಬಿಳಗಿಯವರೂ ಅಳಿದರು, ಕುಂಪಣಿ ಸರಕಾರವೂ ಬಂದು ಹೋಯಿತು. ಸಾಕ್ಷಿ ಸಿಗಲಿಲ್ಲ.

ಸಾಕ್ಷಿ ಇದ್ದದ್ದು ರೋಹಿಣಿಯ ಪಕ್ಕದಲ್ಲೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರಿಗೆ ರೋಹಿಣಿ ಎಂದರೆ ಮೊದಲು ಮಳೆ. ಮೇ ಕೊನೆಗೆ ಸೂರ್ಯ ಆ ನಕ್ಷತ್ರಕ್ಕೆ ಬಂದನೆಂದರೆ ರೋಹಿಣಿ ಮಳೆಯ ಲೆಕ್ಕ ಶುರು. ಆಗ ಚುಕ್ಕಿ ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಅದು ರಾತ್ರಿ ನೆತ್ತಿಗೇರುವುದು ಅಡಕೆ ಸುಲಿಯುವ ಕಾಲಕ್ಕೆ. ಮೆಟ್ಟುಗತ್ತಿಯ ಮುಂದೆ ಕುಳಿತವರು ಎದ್ದು ಅಂಗಳಕ್ಕೆ ಬಂದರೆ ಕೆಂಪು ಛಾಯೆಯ ರೋಹಿಣಿ ತಲೆಯ ಮೇಲೇ ಇರುತ್ತಿತ್ತು. ಅದರಿಂದ ಬಡಗಲಿಗೆ, ಚಾಚಿದ ಕೈಯ ಹೆಬ್ಬೆರಳಿನಗಲ ದೂರದಲ್ಲಿ ಎಚ್‌ಎಲ್ ಟೌರಿ ಎಂಬ ಎಳೆಯ ನಕ್ಷತ್ರವಿದೆ. ದೂರ ಸುಮಾರು 450 ಜ್ಯೋತಿರ್ವರ್ಷ. ಧೂಳಿನ ಮುಸುಕಿನಿಂದಾಗಿ ಅದು ಬರಿಗಣ್ಣಿಗೆ ಕಾಣದು.

ಆ ತಣ್ಣನೆಯ ಧೂಳು ಸೂಸುವುದು ಮಿಲಿಮೀಟರ್ ಉದ್ದದ ರೇಡಿಯೊ ಅಲೆಗಳನ್ನು. ಅವು ಮುಸುಕನ್ನು ದಾಟಿ ಬರುತ್ತವೆ, ಭೂಮಿಗೆ ಬಂದ ಮೇಲೆ ನೀರಾವಿಗೆ ಸೋಲುತ್ತವೆ. ವರ್ಷದ ನಾಲ್ಕು ತಿಂಗಳು ಮೋಡ ಹೊದ್ದಿರುವ ಶಿರಸಿ ಸೀಮೆ ಇಂಥ ಕೆಲಸಕ್ಕೆ ಹೇಳಿಸಿದ್ದಲ್ಲ.

ಕರ್ನಾಟಕಕ್ಕೆ ಮಿಲಿಮೀಟರ್ ಅಲೆ ಹಿಡಿಯುವ ಈ ವಿದ್ಯೆ ಬಂದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಮೂಲಕ. ಸಿ.ವಿ. ರಾಮನ್ನರ ಮಗ ವಿ. ರಾಧಾಕೃಷ್ಣನ್ 1972ರಲ್ಲಿ ಅದರ ನಿರ್ದೇಶಕರಾದರು. ಅವರ ಕಾಲದಲ್ಲಿ ಸಂಸ್ಥೆಯ ಆವರಣದಲ್ಲಿ 10.4 ಮೀಟರ್ ಅಗಲದ ಆಂಟೆನಾ ತಟ್ಟೆ ಎದ್ದಿತು. ಮಾದರಿ ಅಮೆರಿಕದ ರಾಬರ್ಟ್ ಲೈಟನ್ ಅವರದು: ಆರು ಮೂಲೆಯ ಅಲ್ಯೂಮಿನಿಯಂ ಫಲಕಗಳನ್ನು ಕೂಡಿಸಿದ ಬೋಗುಣಿ. ನಕ್ಷತ್ರ ಹುಟ್ಟುವ ಅನಿಲದ ಉಂಡೆಗಳು ಗಮ್ ನೀಹಾರಿಕೆಯಲ್ಲಿ ಹೊರಕ್ಕೆ ಸಾಗುತ್ತಿರುವುದನ್ನು ಅದರಿಂದ ಅಳೆದು ಟಿ.ಕೆ. ಶ್ರೀಧರನ್ 1992ರಲ್ಲಿ ಪ್ರಕಟಿಸಿದರು. ಸಣ್ಣ ಸಾಧನೆಯಲ್ಲ.

ಕ್ಯಾಲಿಫೋರ್ನಿಯದ ಓವೆನ್ಸ್ ಕಣಿವೆಯಲ್ಲಿ ಅದೇ ಲೈಟನ್ ಮಾದರಿಯ ತಟ್ಟೆಗಳನ್ನು ಒಟ್ಟುಗೂಡಿಸಿ ದುಡಿಸಿದ್ದರು. ಸಿಯೆರಾ ನೆವಾಡ ಪರ್ವತದ ಮಳೆನೆರಳಿನ ಒಣ ನೆಲವದು. ಎಚ್‌ಎಲ್ ಟೌರಿಯ ಸುತ್ತ ಅನಿಲ ತಿರುಗುತ್ತಿರುವ ಸುಳಿವನ್ನು 1987ರಲ್ಲಿ ಅನೀಲಾ ಸಾರ್ಜೆಂಟ್ ಮತ್ತು ಸ್ಟೀವನ್ ಬೆಕ್‌ವಿತ್ ಪ್ರಕಟಿಸಿದ್ದು ಅಲ್ಲಿಂದ. ಬೆಂಗಳೂರಿನ ತಟ್ಟೆ ಒಂಟಿ. ಒಂಟಿ ತಟ್ಟೆ ಎಷ್ಟೇ ನಯವಾಗಿದ್ದರೂ ಅಷ್ಟು ಸೂಕ್ಷ್ಮ ಆಕಾರ ಅದರ ಹಿಡಿತಕ್ಕೆ ಸಿಗದು. ಕೊರತೆ ಇದ್ದದ್ದು ಜೊತೆ ತಟ್ಟೆಗಳದು, ಒಣ ಗಾಳಿಯದು, ಕುಶಲತೆಯದಲ್ಲ.

2014ರ ನವೆಂಬರಿನಲ್ಲಿ ಚಿಲಿಯ ಅಟಕಾಮ ಮರುಭೂಮಿಯಿಂದ, 5,000 ಮೀಟರ್ ಎತ್ತರದ ಆಲ್ಮಾ ದೂರದರ್ಶಕದ ಚಿತ್ರ ಬಂತು. ಹದಿನೈದು ಕಿಲೋಮೀಟರ್‌ವರೆಗೆ ಹರಡಿದ ಆಂಟೆನಾಗಳು ಎಚ್‌ಎಲ್ ಟೌರಿಯ ಧೂಳಿನ ತಟ್ಟೆಯಲ್ಲಿ ಹೊಳೆವ ಉಂಗುರಗಳನ್ನೂ ನಡುವಿನ ಕಪ್ಪು ಸಂದುಗಳನ್ನೂ ಬಿಡಿಬಿಡಿಯಾಗಿ ತೋರಿಸಿದವು. ಹುಟ್ಟುತ್ತಿರುವ ಗ್ರಹಗಳು ಗುಡಿಸಿದ ಜಾಡುಗಳಿವು ಎಂಬುದು ಬಹಳ ಜನರ ಮತ. ನಕ್ಷತ್ರದ ವಯಸ್ಸೋ ಸುಮಾರು ಹತ್ತು ಲಕ್ಷ ವರ್ಷ, ಅದಕ್ಕಿಂತ ಕಡಿಮೆಯೂ ಇರಬಹುದು. ಗ್ರಹ ಕಟ್ಟಲು ಇನ್ನೂ ಹೆಚ್ಚು ಕಾಲ ಬೇಕೆಂದು ನಂಬಿದ್ದವರು ಲೆಕ್ಕವನ್ನು ತಿರುಗಿ ಹಾಕಬೇಕಾಯಿತು.