ಬನಿಯನ್ನಿನಲ್ಲಿ ಉಳಿದುಹೋದ ಜಟ್ಟಿ

ಜವಳಿ ಅಂಗಡಿಯಲ್ಲಿ ‘ಸ್ಯಾಂಡೋ ಬನಿಯನ್ ಕೊಡಿ’ ಎಂದು ಕೇಳಿದರೆ ಅಂಗಡಿಯವನು ತೋಳಿಲ್ಲದ ಬನಿಯನ್ನನ್ನು ತೆಗೆದು ಮುಂದಿಡುತ್ತಾನೆ. ಕೊಡುವವನಿಗೂ ಕೊಳ್ಳುವವನಿಗೂ ಅದೊಂದು ಉಡುಪಿನ ಬಗೆ, ಅಷ್ಟೆ. ಆದರೆ ಸ್ಯಾಂಡೋ ಎಂಬುದು ಒಬ್ಬ ಮನುಷ್ಯನ ಹೆಸರು. ನೂರಿಪ್ಪತ್ತು ವರ್ಷಗಳ ಹಿಂದೆ ಲಂಡನ್ನಿನಿಂದ ಕಲ್ಕತ್ತೆಯವರೆಗೆ ಗಂಡಸಿನ ಮೈಕಟ್ಟು ಎಂದರೆ ಜನರಿಗೆ ಮೊದಲು ನೆನಪಾಗುತ್ತಿದ್ದ ಹೆಸರು ಅದು. ಇಂದು ಬಡಾವಣೆಗೊಂದರಂತೆ ತೆರೆದಿರುವ ಜಿಮ್ಮುಗಳು, ಅಲ್ಲಿನ ನಿಲುವುಗನ್ನಡಿಗಳು, ಎದೆ ತೋಳುಗಳನ್ನು ಟೇಪು ಹಿಡಿದು ಅಳೆಯುವ ಪರಿಪಾಠ, ‘ಮೂರು ತಿಂಗಳಲ್ಲಿ ನಿಮ್ಮ ದೇಹ ಹೀಗಾಗುತ್ತದೆ’ ಎಂಬ ಜಾಹೀರಾತು, ಇವೆಲ್ಲಕ್ಕೂ ಒಂದು ಮೂಲವನ್ನು ಹುಡುಕುತ್ತ ಹೋದರೆ ಬಹುಮಟ್ಟಿಗೆ ಅವನ ಬಳಿಗೇ ಬಂದು ನಿಲ್ಲಬೇಕಾಗುತ್ತದೆ.

ಯೂಜೆನ್ ಸ್ಯಾಂಡೋ ಎಂಬುದು ಅವನೇ ಇಟ್ಟುಕೊಂಡ ಹೆಸರು. ತಂದೆತಾಯಿ ಇಟ್ಟ ಹೆಸರು ಫ್ರೀಡ್ರಿಶ್ ವಿಲ್ಹೆಲ್ಮ್ ಮ್ಯುಲರ್. ಹುಟ್ಟಿದ್ದು 1867ರಲ್ಲಿ, ಆಗ ಪ್ರಷ್ಯಕ್ಕೆ ಸೇರಿದ್ದ, ಈಗ ರಷ್ಯದ ಕಲಿನಿನ್‌ಗ್ರಾದ್ ಆಗಿರುವ ಕೋನಿಗ್ಸ್‌ಬರ್ಗ್ ಪಟ್ಟಣದಲ್ಲಿ. ಬಾಲ್ಯದಲ್ಲಿ ತಂದೆಯ ಜೊತೆ ಇಟಲಿಗೆ ಹೋಗಿದ್ದಾಗ ಪುರಾತನ ವೀರರ ಶಿಲ್ಪಗಳನ್ನು ಕಂಡು, ಇಂಥ ದೇಹದವರು ಈಗೇಕೆ ಇಲ್ಲವೆಂದು ಕೇಳಿದೆನೆಂದು ಅವನು ಹೇಳಿಕೊಂಡಿದ್ದಾನೆ. ಕಥೆ ಎಷ್ಟು ನಿಜವೋ ಎಂದು ಇತಿಹಾಸಕಾರರಿಗೆ ಅನುಮಾನ. ನಿಜವಿರಲಿ ಬಿಡಲಿ, ಅವನ ಬಾಳನ್ನೆಲ್ಲ ನಡೆಸಿದ ಆಸೆ ಅದರಲ್ಲಿದೆ. ಅಮೃತಶಿಲೆಯಲ್ಲಿ ಶಿಲ್ಪಿ ಕಡೆದದ್ದನ್ನು ಮನುಷ್ಯ ತನ್ನ ಮೈಯಲ್ಲೇ ಕಡೆದುಕೊಳ್ಳಬಹುದು ಎಂಬ ಆಸೆ ಅದು.

ಹದಿನೆಂಟರ ಹರೆಯದಲ್ಲಿ, ಕಡ್ಡಾಯ ಸೈನಿಕ ಸೇವೆಯನ್ನು ತಪ್ಪಿಸಿಕೊಳ್ಳಲು ಊರು ಬಿಟ್ಟು ಸರ್ಕಸ್ಸಿನ ಲಾಗಪಟುವಾದ. ಬ್ರಸೆಲ್ಸ್ ನಗರದಲ್ಲಿ ‘ಪ್ರೊಫೆಸರ್ ಅಟಿಲಾ’ ಎಂದು ಹೆಸರಾದ ಲೂಯಿ ಡುರ್ಲಾಕರ್ ಎಂಬ ವ್ಯಾಯಾಮ ಗುರು ಅವನಿಗೆ ಸಿಕ್ಕಿದ. ಭಾರ ಎತ್ತುವ ವಿದ್ಯೆಯನ್ನೂ ರಂಗದ ಮೇಲೆ ನಿಲ್ಲುವ ವಿದ್ಯೆಯನ್ನೂ ಕಲಿಸಿದವನು ಅವನೇ. 1889ರಲ್ಲಿ ಲಂಡನ್ನಿನಲ್ಲಿ ಸ್ಯಾಮ್‌ಸನ್ ಎಂಬ ಜಗಜಟ್ಟಿ ತನ್ನನ್ನು ಮೀರಿಸುವವರಿದ್ದರೆ ಬರಲಿ ಎಂದು ರಾತ್ರಿ ರಾತ್ರಿಯೂ ಸವಾಲು ಹಾಕುತ್ತಿದ್ದ. ಒಂದು ರಾತ್ರಿ ಪ್ರೇಕ್ಷಕರ ನಡುವಿನಿಂದ ಎದ್ದು ಬಂದ ಸ್ಯಾಂಡೋ ಮೊದಲು ಅವನ ಶಿಷ್ಯನನ್ನು, ಕೆಲವು ದಿನಗಳಲ್ಲಿ ಅವನನ್ನೂ ಸೋಲಿಸಿದ. ಹೆಸರಿಲ್ಲದೆ ಬಂದ ಜರ್ಮನ್ ಹುಡುಗ ಒಂದು ವಾರದಲ್ಲಿ ಲಂಡನ್ನಿನ ಮಾತಾದ.

ಆದರೆ ಬಲಶಾಲಿಗಳಿಗೆ ಆ ಕಾಲದಲ್ಲಿ ಬರವಿರಲಿಲ್ಲ. ಅವರಲ್ಲಿ ಬಹಳ ಮಂದಿ ಹೊಟ್ಟೆ ಬೆಳೆಸಿದ ದಢೂತಿ ಆಳುಗಳು. ಎತ್ತುವುದು ಮುಖ್ಯ, ನೋಟ ಮುಖ್ಯವಲ್ಲ. ಈ ಲೆಕ್ಕವನ್ನು ತಲೆಕೆಳಗು ಮಾಡಿದ್ದೇ ಸ್ಯಾಂಡೋವಿನ ವಿಶೇಷ. 1893ರಲ್ಲಿ ಅವನು ಅಮೆರಿಕಕ್ಕೆ ಹೋದಾಗ ಶಿಕಾಗೋದಲ್ಲಿ ವಿಶ್ವ ವಸ್ತುಪ್ರದರ್ಶನ ನಡೆದಿತ್ತು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನವೂ ಆ ಸಂದರ್ಭದ್ದೇ. ಅಲ್ಲಿ ಫ್ಲೊರೆನ್ಜ್ ಜೀಗ್‌ಫೆಲ್ಡ್ ಎಂಬ ಯುವ ಪ್ರದರ್ಶನ ವ್ಯವಸ್ಥಾಪಕ ಒಂದು ವಿಷಯ ಗಮನಿಸಿದ. ಜನ ನೋಡಲು ಬರುತ್ತಿದ್ದುದು ಸ್ಯಾಂಡೋ ಎತ್ತುವ ಭಾರವನ್ನಲ್ಲ, ಎತ್ತುವಾಗ ಅವನ ಮೈಯಲ್ಲಿ ಏಳುವ ಸ್ನಾಯುಗಳನ್ನು. ಅಲ್ಲಿಂದ ಮುಂದೆ ಸ್ಯಾಂಡೋ ಗ್ರೀಕ್ ಶಿಲ್ಪಗಳ ಭಂಗಿಯಲ್ಲಿ ಸುಮ್ಮನೆ ನಿಲ್ಲುವುದೇ ಪ್ರದರ್ಶನವಾಯಿತು. 1894ರ ಮಾರ್ಚಿಯಲ್ಲಿ ಥಾಮಸ್ ಎಡಿಸನ್ನನ ಸ್ಟುಡಿಯೋದಲ್ಲಿ ಅವನ ಚಲನಚಿತ್ರ ತೆಗೆದರು. ಒಂದು ನಿಮಿಷವೂ ಓಡದ ಆ ತುಣುಕು ಇಂದಿಗೂ ಉಳಿದಿದೆ. ಸಿನಿಮಾ ಕಣ್ಣು ಬಿಟ್ಟ ದಿನಗಳಲ್ಲಿ ಅದರ ಮುಂದೆ ಬಂದು ನಿಂತವರಲ್ಲಿ ಒಬ್ಬ ವ್ಯಾಯಾಮ ಪಟುವೂ ಇದ್ದನೆಂಬುದು ಸ್ವಾರಸ್ಯದ ಸಂಗತಿ.

ಸ್ಯಾಂಡೋ ಇಷ್ಟಕ್ಕೇ ನಿಂತಿದ್ದರೆ ಸರ್ಕಸ್ಸಿನ ಇತಿಹಾಸದಲ್ಲಿ ಒಂದು ಪುಟವಾಗಿ ಮುಗಿಯುತ್ತಿದ್ದ. ಅವನು ಮುಂದೆ ಮಾಡಿದ್ದು ಬೇರೆ ಕೆಲಸ. ‘ನಾನು ಹೀಗಿದ್ದೇನೆ, ನೋಡಿ’ ಎನ್ನುತ್ತಿದ್ದವನು ‘ನೀವೂ ಹೀಗಾಗಬಹುದು, ಮಾಡಿ’ ಎನ್ನತೊಡಗಿದ. 1897ರಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಬೀದಿಯಲ್ಲಿ ವ್ಯಾಯಾಮ ಶಾಲೆ ತೆರೆದ. ಅದೇ ವರ್ಷ ಅವನ ಕೈಪಿಡಿ ಹೊರಬಂತು. ಮರುವರ್ಷ ದೇಹಸಾಧನೆಗೇ ಮೀಸಲಾದ ಮಾಸಪತ್ರಿಕೆ. ಜೊತೆಗೆ ಅಂಚೆ ಮೂಲಕ ಪಾಠ, ಹಿಡಿಯಲ್ಲಿ ಸ್ಪ್ರಿಂಗು ಇರುವ ಡಂಬೆಲ್, ಗೋಡೆಗೆ ಸಿಕ್ಕಿಸಿ ಎಳೆಯುವ ರಬ್ಬರಿನ ಸಾಧನ. ವಯಸ್ಸಿಗೆ ತಕ್ಕಂತೆ, ಗಂಡಸರಿಗೆ ಹೆಂಗಸರಿಗೆ ಮಕ್ಕಳಿಗೆ ಬೇರೆ ಬೇರೆಯಾಗಿ, ಯಾವ ವ್ಯಾಯಾಮವನ್ನು ಎಷ್ಟು ಸಲ ಮಾಡಬೇಕೆಂಬ ಪಟ್ಟಿಗಳನ್ನು ಕೊಟ್ಟ. ಹಗುರವಾದ ಡಂಬೆಲ್ ಸಾಕು, ಆದರೆ ಮನಸ್ಸು ದುಡಿಯುವ ಸ್ನಾಯುವಿನ ಮೇಲೆಯೇ ಇರಬೇಕು, ಕನ್ನಡಿಯ ಮುಂದೆ ನಿಂತು ಮಾಡಬೇಕು, ದಿನ ತಪ್ಪಿಸಬಾರದು: ಇದು ಅವನ ಪದ್ಧತಿಯ ತಿರುಳು.

ಈ ಮಾತಿನಲ್ಲಿ ಸತ್ಯವೂ ಇತ್ತು, ವ್ಯಾಪಾರವೂ ಇತ್ತು. ಹಗುರ ಭಾರವನ್ನೇ ಆದರೂ ಸ್ನಾಯು ದಣಿಯುವವರೆಗೆ ಎತ್ತಿದರೆ ಅದು ಬೆಳೆಯುತ್ತದೆಂದು ಇಂದಿನ ವ್ಯಾಯಾಮ ವಿಜ್ಞಾನವೂ ಒಪ್ಪುತ್ತದೆ. ಆದರೆ ಸ್ಯಾಂಡೋವಿನ ಮೈ ಬೆಳೆದದ್ದು ಐದು ಪೌಂಡಿನ ಡಂಬೆಲ್‌ನಿಂದ ಅಲ್ಲ. ಅಟಿಲಾನ ಕೈಕೆಳಗೆ ವರ್ಷಗಟ್ಟಲೆ ಎತ್ತಿದ ಭಾರಿ ಗುಂಡುಗಳಿಂದ. ಕಾರಣವನ್ನು ಮುಚ್ಚಿಟ್ಟು ಫಲವನ್ನು ಮಾತ್ರ ತೋರಿಸಿ ಸಾಮಾನು ಮಾರುವ ಚಾಳಿ ವ್ಯಾಯಾಮದ ವ್ಯಾಪಾರಕ್ಕೆ ಆಗಲೇ ಅಂಟಿಕೊಂಡಿತ್ತು. ಇಂದು ಪುಡಿಯ ಡಬ್ಬಿಗಳ ಮೇಲೆ ಕಾಣುವ ಚಿತ್ರಗಳು ಅದರ ಮುಂದುವರಿಕೆ.

ಆದರೂ ಅವನನ್ನು ಬರಿಯ ವ್ಯಾಪಾರಿಯೆಂದು ತಳ್ಳಿಹಾಕುವಂತಿಲ್ಲ. ದಿನವಿಡೀ ಮೇಜಿಗೆ ಬಗ್ಗಿ ಲೆಕ್ಕ ಬರೆಯುವ ಗುಮಾಸ್ತರ ವರ್ಗವೊಂದು ಯೂರೋಪಿನ ನಗರಗಳಲ್ಲಿ ಆಗ ಬೆಳೆದಿತ್ತು. ಬೋಯರ್ ಯುದ್ಧಕ್ಕೆ ಸೇರಲು ಬಂದ ತರುಣರಲ್ಲಿ ಎಷ್ಟೋ ಮಂದಿ ಮೈಯಲ್ಲಿ ಕಸುವಿಲ್ಲವೆಂದು ವಾಪಸಾದದ್ದು ಬ್ರಿಟನ್ನನ್ನು ಬೆಚ್ಚಿಬೀಳಿಸಿತ್ತು. ದೇಹ ಎಂಬುದು ಹುಟ್ಟಿನಿಂದ ಬಂದ ಹಣೆಬರಹವಲ್ಲ, ದಿನಕ್ಕೆ ಅರ್ಧ ಗಂಟೆಯ ದುಡಿಮೆಯಿಂದ ತಿದ್ದಬಹುದಾದ ವಸ್ತು ಎಂದು ಇಂಥ ಸಾಮಾನ್ಯರಿಗೆ ಹೇಳಿದವನು ಸ್ಯಾಂಡೋ. 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನು ನಡೆಸಿದ ದೇಹದಾರ್ಢ್ಯ ಸ್ಪರ್ಧೆ ಆ ಬಗೆಯ ದೊಡ್ಡ ಸ್ಪರ್ಧೆಗಳಲ್ಲಿ ಮೊದಲನೆಯದು. ಅಂತಿಮ ಸುತ್ತಿಗೆ ಬಂದವರು 60 ಮಂದಿ. ತೀರ್ಪುಗಾರರಾಗಿ ಸ್ಯಾಂಡೋ ಜೊತೆ ಕುಳಿತವರು ಶಿಲ್ಪಿ ಚಾರ್ಲ್ಸ್ ಲಾಸ್ ಮತ್ತು ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್. ಗೆದ್ದವನು ನಾಟಿಂಗ್‌ಹ್ಯಾಮಿನ ವಿಲಿಯಂ ಮರ್ರೆ. ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯ ನಾಯಕ ಬ್ಲೂಮ್ ಕೂಡ ಸ್ಯಾಂಡೋ ವ್ಯಾಯಾಮವನ್ನು ಹಿಂದೊಮ್ಮೆ ಹಿಡಿದು ಬಿಟ್ಟವನೇ. ಮತ್ತೆ ಶುರು ಮಾಡಬೇಕೆಂಬ ಅವನ ಸಂಕಲ್ಪ ಎಲ್ಲ ಕಾಲದ ಮಧ್ಯವಯಸ್ಕರದೂ ಹೌದು.

1904ರಲ್ಲಿ ಸ್ಯಾಂಡೋ ಭಾರತಕ್ಕೆ ಬಂದ. ಕಲ್ಕತ್ತ, ಬೊಂಬಾಯಿ ಮೊದಲಾದ ಕಡೆ ಡೇರೆ ಹಾಕಿ ಪ್ರದರ್ಶನ ಕೊಟ್ಟು 1905ರಲ್ಲಿ ಮುಂದಕ್ಕೆ ಹೋದ. ದೇಹಬಲ ಈ ದೇಶಕ್ಕೆ ಹೊಸದೇನೂ ಆಗಿರಲಿಲ್ಲ. ನಮ್ಮ ಗರಡಿಮನೆಗಳಲ್ಲಿ ಕೆಮ್ಮಣ್ಣಿನ ಅಖಾಡವಿತ್ತು. ದಂಡ, ಬಸ್ಕಿ, ಗದೆ, ಸಂಗ್ರಾಣಿ ಕಲ್ಲು ಇದ್ದವು. ಎಲ್ಲಕ್ಕೂ ಮೇಲೆ ಆಂಜನೇಯನ ಪಟವಿತ್ತು. ಮೈಸೂರಿನ ಜಟ್ಟಿಗಳು ದಸರೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಸುತ್ತಿದ್ದರು. ಆದರೆ ಗರಡಿಗೆ ಹೋಗುವವರ ಲೋಕ ಬೇರೆ, ಇಂಗ್ಲಿಷ್ ಶಾಲೆಗೆ ಹೋಗಿ ಕಚೇರಿ ಸೇರುವವರ ಲೋಕ ಬೇರೆ ಆಗಿತ್ತು. ಈ ಎರಡನೆಯ ಲೋಕದವರ ಎದೆಯಲ್ಲಿ ಒಂದು ಮುಳ್ಳು ನೆಟ್ಟಿತ್ತು. ಬಂಗಾಳಿಗಳು ಮೈಯಲ್ಲಿ ದುರ್ಬಲರು, ಆಳಿಸಿಕೊಳ್ಳಲೆಂದೇ ಹುಟ್ಟಿದವರು ಎಂಬ ಅರ್ಥದಲ್ಲಿ ಮೆಕಾಲೆ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಬರೆದಿದ್ದ. ಆ ಹೀಯಾಳಿಕೆ ಒಂದು ಪ್ರಾಂತಕ್ಕೆ ಸೀಮಿತವಾಗಿ ಉಳಿಯಲಿಲ್ಲ. ಸ್ಯಾಂಡೋ ಬರುವ ಹೊತ್ತಿಗೆ ಕಲ್ಕತ್ತದಲ್ಲಿ ಸರಳಾದೇವಿ ಚೌಧುರಾಣಿ ತರುಣರಿಗಾಗಿ ಅಖಾಡ ತೆರೆದಿದ್ದರು. ಅವನು ಹೋದ ವರ್ಷವೇ ಬಂಗಾಳದ ವಿಭಜನೆಯಾಗಿ ಸ್ವದೇಶಿ ಚಳವಳಿ ಭುಗಿಲೆದ್ದಿತು. ಬಿಳಿಯನ ಮೈಕಟ್ಟು ನೋಡಲು ಟಿಕೆಟ್ಟು ಕೊಂಡವರು ಮನೆಗೆ ಹೊತ್ತು ತಂದದ್ದು ಬೆರಗನ್ನಷ್ಟೇ ಅಲ್ಲ. ಇದು ಬಿಳಿಯನಿಗೆ ಸಾಧ್ಯವಾದರೆ ನಮಗೇಕಾಗದು ಎಂಬ ಪ್ರಶ್ನೆಯನ್ನೂ ತಂದರು.

ಆ ಪ್ರಶ್ನೆಗೆ ಸಿಕ್ಕ ಉತ್ತರಗಳು ಸ್ಯಾಂಡೋ ಊಹಿಸಿದಂಥವಲ್ಲ. ಆಂಧ್ರದ ಕೋಡಿ ರಾಮಮೂರ್ತಿ ನಾಯುಡು ಎದೆಯ ಮೇಲೆ ಆನೆ ನಿಲ್ಲಿಸಿಕೊಂಡು ‘ಕಲಿಯುಗ ಭೀಮ’ ಎನಿಸಿಕೊಂಡರು. ಔಂಧ್ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ ಸ್ಯಾಂಡೋವಿನ ಪುಸ್ತಕ, ಸಲಕರಣೆಗಳನ್ನು ತರಿಸಿ ಸುಮಾರು ಹತ್ತು ವರ್ಷ ಅವನ ಪದ್ಧತಿಯಲ್ಲೇ ಸಾಧನೆ ಮಾಡಿದರು. ಆಮೇಲೆ ಅದನ್ನು ಬಿಟ್ಟು ಸೂರ್ಯನಮಸ್ಕಾರ ಹಿಡಿದರು; ಅದಕ್ಕೆ ಕ್ರಮ ಕಟ್ಟಿ, ಪುಸ್ತಕ ಬರೆದು, ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಜಾರಿಗೆ ತಂದರು. ದಿನವೂ ಲೆಕ್ಕವಿಟ್ಟು ಮಾಡುವ, ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಒದಗುವ ವ್ಯಾಯಾಮ ಎಂಬ ಕಲ್ಪನೆ ಸ್ಯಾಂಡೋವಿನದಕ್ಕೆ ಹತ್ತಿರವಾದದ್ದು. ಅದರ ಒಡಲು ಮಾತ್ರ ಈ ಮಣ್ಣಿನದು.

ಕನ್ನಡ ನಾಡಿನಲ್ಲಿ ಈ ಕಥೆಗೆ ಇನ್ನೂ ಸೊಗಸಾದ ತಿರುವು ಕೊಟ್ಟವರು ಕೋಲಾರ ಸೀಮೆಯ ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ಅವರು ನಡೆಸಿದ ವ್ಯಾಯಾಮ ಶಾಲೆಯಲ್ಲಿ ಪಾಶ್ಚಾತ್ಯರ ಬಾರ್‌ಬೆಲ್ಲೂ ಇತ್ತು, ಹಠಯೋಗದ ಆಸನಗಳೂ ಇದ್ದವು, ಸೂರ್ಯನಮಸ್ಕಾರವೂ ಇತ್ತು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬರೆದರು. ಆ ಬಳಿಕ ಸೂರ್ಯನಮಸ್ಕಾರದ ಮೇಲೂ ಬರೆದರು. ಸ್ಯಾಂಡೋವಿನಂತೆಯೇ ಶಿಲ್ಪದ ಭಂಗಿಗಳಲ್ಲಿ ಫೋಟೋ ತೆಗೆಸಿಕೊಂಡರು, ಅಂಚೆ ಮೂಲಕ ವ್ಯಾಯಾಮ ಪಾಠ ಹೇಳಿದರು. ಮೈಸೂರು ಅರಮನೆಯ ಆಶ್ರಯವೂ ಅವರಿಗಿತ್ತು. 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ಆರಂಭವಾಯಿತು. ಇಂದು ಜಗತ್ತೆಲ್ಲ ಮಾಡುವ ಯೋಗಾಭ್ಯಾಸದ ರೂಪು ಆ ಕಾಲದ ಈ ವಾತಾವರಣದಲ್ಲೇ ಬೆಳೆಯಿತೆಂದು ಈಚಿನ ವಿದ್ವಾಂಸರು ಚರ್ಚಿಸುತ್ತಿರುವುದುಂಟು. ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಬಾರ್‌ಬೆಲ್ಲಿಗೂ ಪದ್ಮಾಸನಕ್ಕೂ ಒಂದೇ ಸೂರಿನಡಿ ಜಗಳವಿರಲಿಲ್ಲ ಎಂಬುದಕ್ಕೆ ಅಯ್ಯರರ ಶಾಲೆಯೇ ಸಾಕ್ಷಿ.

ಅಯ್ಯರರ ದೊಡ್ಡತನ ತೋಳಿನ ಸುತ್ತಳತೆಯಲ್ಲಿ ಮುಗಿಯುವಂಥದಲ್ಲ. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರಾಗಿದ್ದ ಅವರು ರಂಗಭೂಮಿಯಲ್ಲಿ ತೊಡಗಿಸಿಕೊಂಡರು, ಕಾದಂಬರಿಗಳನ್ನು ಬರೆದರು. ‘ಶಾಂತಲಾ’ ಅವರದು. ‘ರೂಪದರ್ಶಿ’ಯೂ ಅವರದೇ. ಇಟಲಿಯ ಹಿನ್ನೆಲೆಯ ಆ ಕಾದಂಬರಿಯಲ್ಲಿ ಚಿತ್ರಕಾರನೊಬ್ಬ ಬಾಲಯೇಸುವಿನ ಚಿತ್ರಕ್ಕೆ ಒಬ್ಬ ಮುಗ್ಧ ಬಾಲಕನನ್ನು ರೂಪದರ್ಶಿಯಾಗಿ ಆರಿಸಿಕೊಳ್ಳುತ್ತಾನೆ. ಎಷ್ಟೋ ವರ್ಷಗಳ ಮೇಲೆ ದ್ರೋಹಿ ಜೂದಾಸನ ಚಿತ್ರಕ್ಕಾಗಿ ಕ್ರೂರ ಮುಖವೊಂದನ್ನು ಹುಡುಕಿದಾಗ ಸಿಗುವವನು ಅದೇ ಹುಡುಗ. ಮೈಯನ್ನು ತಿದ್ದುವುದನ್ನೇ ಕಸುಬು ಮಾಡಿಕೊಂಡವರು ಬರೆದ ಕಥೆ ಇದು ಎಂಬುದನ್ನು ಮರೆಯುವಂತಿಲ್ಲ. ರೂಪವನ್ನು ಕಟ್ಟುವುದೂ ಕೆಡಿಸುವುದೂ ಕೊನೆಗೆ ಒಳಗಿನ ಬಾಳೇ ಎಂಬ ಅರಿವು ಸ್ಯಾಂಡೋವಿನ ಕೈಪಿಡಿಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಇತ್ತ ಲಂಡನ್ನಿನಲ್ಲಿ ಸ್ಯಾಂಡೋವಿನ ಏರುದಿನಗಳು ನಡೆದಿದ್ದವು. 1906ರಲ್ಲಿ ಬ್ರಿಟಿಷ್ ಪ್ರಜೆಯಾದ. 1911ರಲ್ಲಿ ದೊರೆ ಐದನೆಯ ಜಾರ್ಜ್ ಅವನನ್ನು ತನ್ನ ವ್ಯಾಯಾಮ ಶಿಕ್ಷಕನಾಗಿ ನೇಮಿಸಿಕೊಂಡ. ಆ ಉತ್ಸಾಹದಲ್ಲಿ ತನ್ನ ಹೆಸರಿನ ಕೋಕೋ ಪುಡಿಯನ್ನೂ ಮಾರುಕಟ್ಟೆಗೆ ಬಿಟ್ಟ. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಜರ್ಮನ್ ಮೂಲದವರೆಲ್ಲ ಶಂಕೆಗೆ ಗುರಿಯಾದರು. ಕೋಕೋ ಕಂಪನಿ 1916ರಲ್ಲಿ ಮುಚ್ಚಿತು. ದೇಹವೊಂದಿದ್ದರೆ ಏನನ್ನೂ ಗೆಲ್ಲಬಹುದೆಂದು ಜಗತ್ತಿಗೆ ಹೇಳಿದವನನ್ನು ಹುಟ್ಟಿದ ಊರು ಎಂಬ ಒಂದು ಸಂಗತಿ ಸೋಲಿಸಿತು.

1925ರ ಅಕ್ಟೋಬರ್ 14ರಂದು, 58ನೆಯ ವಯಸ್ಸಿನಲ್ಲಿ ಸ್ಯಾಂಡೋ ತೀರಿಕೊಂಡ. ಗುಂಡಿಗೆ ಬಿದ್ದ ಮೋಟಾರನ್ನು ಒಬ್ಬನೇ ಎತ್ತಲು ಹೋಗಿ ಮೆದುಳಿನ ರಕ್ತನಾಳ ಒಡೆಯಿತೆಂದು ಸುದ್ದಿ ಹಬ್ಬಿತು. ದಾಖಲೆ ಹೇಳುವ ಕಾರಣ ಬೇರೆ: ಹೃದಯದಿಂದ ಹೊರಡುವ ಮಹಾಧಮನಿ ಉಬ್ಬಿ ಒಡೆದದ್ದು. ಬಲಶಾಲಿ ಬಲದಿಂದಲೇ ಸಾಯಬೇಕೆಂದು ಜನ ಬಯಸುತ್ತಾರೆ; ದೇಹ ಅಂಥ ನಾಟಕಗಳಿಗೆ ಕಾಯುವುದಿಲ್ಲ. ಲಂಡನ್ನಿನ ಪಟ್ನಿ ವೇಲ್ ಸ್ಮಶಾನದಲ್ಲಿ ಅವನನ್ನು ಹೂಳಿದರು. ಹೆಂಡತಿಯ ಇಚ್ಛೆಯಂತೆ ಗೋರಿಯ ಮೇಲೆ ಕಲ್ಲಿಡಲಿಲ್ಲ. ದಾಂಪತ್ಯದ ಕಹಿಯೇ ಕಾರಣವೆಂದು ಹೇಳುವುದುಂಟು. ಅಭಿಮಾನಿಯೊಬ್ಬರು 2002ರಲ್ಲಿ ಹೆಸರಿನ ಫಲಕ ಇಡಿಸುವವರೆಗೆ, ಅಂದರೆ 77 ವರ್ಷ, ಆ ನೆಲ ಗುರುತಿಲ್ಲದೆ ಬಿದ್ದಿತ್ತು. 2008ರಲ್ಲಿ ಅವನ ವಂಶದವರು ದೊಡ್ಡದೊಂದು ಕಲ್ಲು ನಿಲ್ಲಿಸಿದರು. ಇತ್ತ ಅಮೆರಿಕದಲ್ಲಿ, ‘ಮಿಸ್ಟರ್ ಒಲಿಂಪಿಯಾ’ ಸ್ಪರ್ಧೆ ಗೆದ್ದವರಿಗೆ 1977ರಿಂದ ಕೊಡುತ್ತಿರುವುದು ಸ್ಯಾಂಡೋವಿನದೇ ಕಂಚಿನ ಪ್ರತಿಮೆಯನ್ನು.

ಸ್ಯಾಂಡೋ ಕಲಿಸಿದ್ದರಲ್ಲಿ ಕಾಲ ಒಪ್ಪಿಕೊಂಡದ್ದು ಒಂದು ಮಾತು: ಮೈಯೆಂಬುದು ಜಾತಿ, ಜನಾಂಗ, ಹುದ್ದೆಗಳ ಸೊತ್ತಲ್ಲ, ಅಭ್ಯಾಸದ ಸೊತ್ತು. ಆ ಮಾತನ್ನೇ ಹಿಡಿದು ಈ ದೇಶದ ಜನ ತಮ್ಮನ್ನು ದುರ್ಬಲರೆಂದವರಿಗೆ ಉತ್ತರ ಕೊಟ್ಟರು. ಅವನು ಕಲಿಸಲಾರದೆ ಹೋದದ್ದು, ಕಟ್ಟಿದ ಮೈಯನ್ನು ಏನು ಮಾಡಬೇಕು ಎಂಬುದನ್ನು. ಸಂಜೆ ಹೊತ್ತು ಶಿಷ್ಯರ ಬೆವರು ನೋಡಿ, ಕೈಲಾಸಂ ಜೊತೆ ಮಾತಿಗೆ ಕುಳಿತು, ಬರೆಯಲು ಲೇಖನಿ ಹಿಡಿಯುತ್ತಿದ್ದ ಬೆಂಗಳೂರಿನ ವ್ಯಾಯಾಮ ಗುರುವಿಗೆ ಆ ಉತ್ತರ ಸ್ವಲ್ಪ ಮಟ್ಟಿಗೆ ಗೊತ್ತಿತ್ತು.